ಬೆಟ್ಟವೇರಿದ ಮುಸುಕಿನ ಜೋಳ

(ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಕೆಳಗಿನ ಬೆಚ್ಚನೆಯ ಸೀಮೆಯಲ್ಲಿ ಚೆನ್ನಾಗಿ ಬರುವ ಭತ್ತದ ತಳಿಯೊಂದನ್ನು ಮಲೆನಾಡಿನ ಎತ್ತರದ ಊರಿಗೆ ಒಯ್ದು ಬೆಳೆದರೆ ಅದು ತಡವಾಗಿ ತೆನೆ ಬಿಡುತ್ತದೆ. ತೆನೆ ಬಿಡುವ ಹೊತ್ತಿಗೆ ಚಳಿ ಬಿದ್ದರೆ ಕಾಳು ಜೊಳ್ಳಾಗುತ್ತದೆ. ಭೂಮಿ ಒಳ್ಳೆಯದಿದ್ದು, ನೀರು ಗೊಬ್ಬರ ಸಾಕಷ್ಟಿದ್ದರೂ ಹೀಗಾಗುವುದುಂಟು. ಆಗ ಬೀಜ ಕೆಟ್ಟದ್ದೆಂದು ದೂರುವುದು ಸಹಜ. ಆದರೆ ಬೀಜದಲ್ಲಿ ದೋಷವಿಲ್ಲ. ಅದು ಹುಟ್ಟಿ ಬೆಳೆದ ಎತ್ತರ ಬೇರೆ, ಬಿತ್ತಿದ ಎತ್ತರ ಬೇರೆ.

ಹಾಗಾದರೆ ಒಂದು ಬೆಳೆ ತಗ್ಗಿನ ನಾಡಿನಿಂದ ಬೆಟ್ಟದ ನಾಡಿಗೆ ಏರುವುದು ಹೇಗೆ? ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ನಿಧಾನದ ದಾರಿ. ಬೆಳೆಯೊಳಗೆ ಮೊದಲೇ ಇರುವ ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ ಚಳಿಗೆ ಒಗ್ಗುವಂಥವು ತಲೆಮಾರಿನಿಂದ ತಲೆಮಾರಿಗೆ ಉಳಿದುಕೊಂಡು ಬರುತ್ತವೆ. ಎರಡನೆಯದು ಹತ್ತಿರದ ದಾರಿ. ಆ ಎತ್ತರದಲ್ಲಿ ಸಾವಿರಾರು ವರ್ಷಗಳಿಂದ ಬಾಳುತ್ತಿರುವ ಕಾಡು ನೆಂಟನೊಡನೆ ಬೆಳೆ ಕೂಡುತ್ತದೆ. ಕಾಡುಗಿಡ ಗಳಿಸಿಟ್ಟ ಗುಣಗಳಲ್ಲಿ ತನಗೆ ಬೇಕಾದುದನ್ನು ಸಂಕರಣದ ಮೂಲಕ ಪಡೆಯುತ್ತದೆ. ನಮ್ಮ ಹೊಲಗಳಲ್ಲಿರುವ ಮುಸುಕಿನ ಜೋಳ, ಅಂದರೆ ಗೋವಿನ ಜೋಳ, ಈ ಎರಡನೆಯ ದಾರಿಯಿಂದ ಬೆಟ್ಟವೇರಿದ ಬೆಳೆ. ಅದು ಹೇಗೆ ಏರಿತು, ಅದರಿಂದ ಕಲಿಯಬೇಕಾದುದೇನು ಎಂಬುದೇ ಈ ಉಪನ್ಯಾಸದ ವಿಷಯ.

ಎತ್ತರ ಹೆಚ್ಚಿದಂತೆ ಬದಲಾಗುವುದೇನು?

ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆಯಾಗುತ್ತದೆ. ಗಾಳಿ ತೆಳುವಾಗುತ್ತದೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಪ್ರಖರವಾಗುತ್ತವೆ. ರಾತ್ರಿ ಬೇಗ ತಣಿಯುತ್ತದೆ. ಇನ್ನೂ ಮೇಲೆ ಹೋದರೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಹೀಗಾಗಿ ಬೆಳೆಗೆ ಸಿಗುವ ಬೆಚ್ಚನೆಯ ದಿನಗಳು ಕಡಿಮೆ. ಅಷ್ಟರೊಳಗೆ ಗಿಡ ಬೆಳೆದು, ಹೂಬಿಟ್ಟು, ಕಾಳು ಗಟ್ಟಿಯಾಗಬೇಕು.

ಈ ಒಗ್ಗಿಕೆ ಗಿಡದ ಅಭ್ಯಾಸವೋ, ವಂಶದಿಂದ ಬಂದ ಗುಣವೋ? ಇದನ್ನು ತಿಳಿಯಲು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕ್ಲಾಸೆನ್, ಕೆಕ್ ಮತ್ತು ಹೀಸಿ ಎಂಬ ಮೂವರು ವಿಜ್ಞಾನಿಗಳು ಬಹುಕಾಲ ಪ್ರಯೋಗ ನಡೆಸಿ 1940ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಅವರು ಮೂರು ಎತ್ತರಗಳಲ್ಲಿ ತೋಟ ಮಾಡಿದ್ದರು. ಒಂದು ಕಡಲ ಸಮೀಪದ ತಗ್ಗಿನಲ್ಲಿ, ಇನ್ನೊಂದು ಸುಮಾರು 1400 ಮೀಟರ್ ಎತ್ತರದಲ್ಲಿ, ಮೂರನೆಯದು ಸುಮಾರು 3050 ಮೀಟರ್ ಎತ್ತರದಲ್ಲಿ. ಒಂದೇ ಗಿಡದ ಬುಡವನ್ನು ಸೀಳಿ ಮೂರೂ ಕಡೆ ನೆಟ್ಟರು. ತಗ್ಗಿನ ಗಿಡಗಳು ಮೇಲಿನ ತೋಟದ ಚಳಿಯಲ್ಲಿ ಉಳಿಯಲಿಲ್ಲ. ಮೇಲಿನ ಗಿಡಗಳನ್ನು ಕೆಳಗೆ ತಂದು ನೆಟ್ಟರೂ ಅವು ತಮ್ಮ ಗಿಡ್ಡ ಗುಣವನ್ನು ಬಿಡಲಿಲ್ಲ. ಎತ್ತರಕ್ಕೆ ಒಗ್ಗುವುದು ವಂಶಗುಣವೆಂಬುದು ಇದರಿಂದ ಸ್ಪಷ್ಟವಾಯಿತು.

ಮುಂದೆ ಅವರು ಪೊಟೆಂಟಿಲ್ಲ ಎಂಬ ಕಾಡುಗಿಡದಲ್ಲಿ ತಗ್ಗಿನ ಬಗೆಯನ್ನೂ ಬೆಟ್ಟದ ಬಗೆಯನ್ನೂ ಕೂಡಿಸಿದರು. ಎರಡನೆಯ ಪೀಳಿಗೆಯಲ್ಲಿ ಬಂದ ನೂರಾರು ಗಿಡಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಕೆಲವು ಕೆಳಗೆ ಮಾತ್ರ ಚೆನ್ನಾಗಿ ಬೆಳೆದವು, ಕೆಲವು ಮೇಲೆ ಮಾತ್ರ, ಬೇರೆ ಕೆಲವು ಹಲವೆಡೆ ಬೆಳೆದವು. ಸಂಕರಣವು ಗುಣಗಳನ್ನು ಕಲಸಿ ಹರಡುತ್ತದೆ. ಅವುಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ಆ ಎತ್ತರದ ಹವೆಯೇ ತೀರ್ಮಾನಿಸುತ್ತದೆ. ಮುಸುಕಿನ ಜೋಳದಲ್ಲಿ ನಡೆದುದೂ ಇದೇ. ಆದರೆ ಅಲ್ಲಿ ಹವೆಯ ಜೊತೆಗೆ ರೈತನ ಕೈಯೂ ಸೇರಿತ್ತು.

ಜೋಳದ ತವರು

ಮುಸುಕಿನ ಜೋಳದ ತವರು ಮೆಕ್ಸಿಕೊ ದೇಶದ ನೈಋತ್ಯಕ್ಕಿರುವ ಬಾಲ್ಸಾಸ್ ನದಿಯ ಕಣಿವೆ. ಅಲ್ಲಿಯ ಬೆಚ್ಚನೆಯ ತಪ್ಪಲುಗಳಲ್ಲಿ ಟಿಯೊಸಿಂಟೆ ಎಂಬ ಕಾಡುಹುಲ್ಲು ಬೆಳೆಯುತ್ತದೆ. ಅದರ ಒಂದು ಉಪಜಾತಿಯಾದ ಪಾರ್ವಿಗ್ಲೂಮಿಸ್ ಎಂಬುದನ್ನು ಸುಮಾರು 9000 ವರ್ಷಗಳ ಹಿಂದೆ ಅಲ್ಲಿಯ ಜನ ಪಳಗಿಸಿದರು. ಅದೇ ಕಣಿವೆಯ ಒಂದು ಬಂಡೆಯಾಸರೆಯಲ್ಲಿ ಸುಮಾರು 8700 ವರ್ಷಗಳಷ್ಟು ಹಳೆಯದಾದ ಜೋಳದ ಕುರುಹುಗಳು ದೊರೆತುದನ್ನು 2009ರಲ್ಲಿ ಪ್ರಕಟಿಸಲಾಯಿತು.

ಟಿಯೊಸಿಂಟೆಯನ್ನು ನೋಡಿದ ರೈತ ಅದನ್ನು ಜೋಳದ ಪೂರ್ವಜನೆಂದು ಕೂಡಲೇ ಒಪ್ಪಲಾರ. ಬುಡದಿಂದಲೇ ಹಲವು ಕವಲು. ತೆನೆಯೆಂದರೆ ಬೆರಳುದ್ದದ್ದು, ಅದರಲ್ಲಿ ಐದರಿಂದ ಹನ್ನೆರಡು ಕಾಳು ಮಾತ್ರ. ಪ್ರತಿ ಕಾಳೂ ಕಲ್ಲಿನಂಥ ಚಿಪ್ಪಿನೊಳಗೆ ಅಡಗಿರುತ್ತದೆ. ಮಾಗಿದ ಕೂಡಲೇ ತೆನೆ ಮುರಿದು ಕಾಳು ಉದುರುತ್ತದೆ. ದಿಂಡೂ ಇಲ್ಲ, ಮುಸುಕೂ ಹೆಚ್ಚಿಲ್ಲ. ಆದರೆ ಎರಡರಲ್ಲಿಯೂ ವರ್ಣತಂತುಗಳು ಹತ್ತು ಜೊತೆ. ಅವೆರಡೂ ಕೂಡಿದರೆ ಹುಟ್ಟುವ ಸಂಕರ ಗಿಡ ಬಂಜೆಯಾಗದೆ ಕಾಳು ಕಟ್ಟುತ್ತದೆ.

1958ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಜಾರ್ಜ್ ಬೀಡಲ್ ಎಂಬ ವಿಜ್ಞಾನಿ ಈ ಸಂಬಂಧವನ್ನು 1930ರ ದಶಕದಿಂದಲೂ ವಾದಿಸುತ್ತ ಬಂದಿದ್ದರು. ನಿವೃತ್ತರಾದ ಮೇಲೆ ಅವರು ಜೋಳ ಮತ್ತು ಟಿಯೊಸಿಂಟೆಯ ಸಂಕರದ ಎರಡನೆಯ ಪೀಳಿಗೆಯಲ್ಲಿ ಸುಮಾರು 50,000 ಗಿಡಗಳನ್ನು ಬೆಳೆಸಿ ನೋಡಿದರು. ಸುಮಾರು 500 ಗಿಡಕ್ಕೆ ಒಂದು ಜೋಳದಂತೆಯೂ, 500ಕ್ಕೆ ಒಂದು ಟಿಯೊಸಿಂಟೆಯಂತೆಯೂ ಇತ್ತು. ಉಳಿದವು ನಡುವಿನ ನಾನಾ ರೂಪಗಳು. ನಾಲ್ಕೈದು ಮುಖ್ಯ ವಂಶವಾಹಿಗಳಲ್ಲಾದ ಬದಲಾವಣೆಯೇ ಹುಲ್ಲನ್ನು ಜೋಳವಾಗಿಸಿರಬೇಕೆಂದು ಅವರು ಲೆಕ್ಕಹಾಕಿದರು. ಕವಲನ್ನು ಹತ್ತಿಕ್ಕುವ ವಂಶವಾಹಿ ಮತ್ತು ಕಾಳಿನ ಚಿಪ್ಪನ್ನು ತೆರೆಯುವ ವಂಶವಾಹಿ ಮುಂದೆ ಜಾನ್ ಡೋಬ್ಲಿ ಮತ್ತು ಸಂಗಡಿಗರ ಸಂಶೋಧನೆಯಿಂದ ಪತ್ತೆಯಾದವು.

ಬೆಟ್ಟದ ನೆಂಟ

ಹೀಗೆ ಹುಟ್ಟಿದ ಜೋಳ ಬಿಸಿನಾಡಿನ ಬೆಳೆ. ಮೆಕ್ಸಿಕೊದ ನಡುವಿನ ಪ್ರಸ್ಥಭೂಮಿಯಾದರೋ ಎತ್ತರದ ನಾಡು. ಮೆಕ್ಸಿಕೊ ನಗರವೇ ಸುಮಾರು 2240 ಮೀಟರ್ ಎತ್ತರದಲ್ಲಿದೆ. ತೊಲುಕ ಕಣಿವೆ ಇನ್ನೂ ಮೇಲೆ, ಸುಮಾರು 2600 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯ ನೆತ್ತಿ 2000 ಮೀಟರನ್ನೂ ಮುಟ್ಟುವುದಿಲ್ಲ ಎಂಬುದನ್ನು ನೆನೆದರೆ ಆ ಹೊಲಗಳ ಎತ್ತರದ ಅಂದಾಜು ಆಗುತ್ತದೆ. ಅಲ್ಲಿ ಇನ್ನೊಂದು ಬಗೆಯ ಟಿಯೊಸಿಂಟೆ ತಾನಾಗಿ ಬೆಳೆಯುತ್ತದೆ. ಅದರ ಹೆಸರು ಮೆಕ್ಸಿಕಾನ. ಅದರ ಕಾಂಡವನ್ನು ಸುತ್ತಿದ ಎಲೆಬುಡ ಕೆಂಪಗಿದ್ದು ಒತ್ತಾಗಿ ರೋಮ ಬೆಳೆದಿರುತ್ತದೆ. ಕೆಂಪು ಬಣ್ಣ ಬಿಸಿಲಿನ ಶಾಖವನ್ನು ಹೀರಿಕೊಳ್ಳುತ್ತದೆ. ರೋಮಗಳು ಗಿಡದ ಮೈಗೆ ಹೊದಿಕೆಯಂತಾಗಿ ಆ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ.

ತಗ್ಗಿನಿಂದ ಮೇಲೆ ಬಂದ ಜೋಳ ಇದರೊಡನೆ ಒಂದೇ ಹೊಲದಲ್ಲಿ ಬೆಳೆಯಬೇಕಾಯಿತು. ಮೆಕ್ಸಿಕಾನ ಅಲ್ಲಿ ಜೋಳದ ಕಳೆಯೂ ಹೌದು. ಚಾಲ್ಕೊ ಕಣಿವೆಯಲ್ಲಿ ಅದು ಜೋಳವನ್ನು ಎಷ್ಟು ಹೋಲುತ್ತದೆಂದರೆ ಹೂಬಿಡುವವರೆಗೆ ಕಳೆ ಯಾವುದು ಬೆಳೆ ಯಾವುದು ಎಂದು ಹೇಳುವುದೇ ಕಷ್ಟ. ಹಾಗಾಗಿ ಎಷ್ಟು ಕಳೆ ಕಿತ್ತರೂ ಒಂದಷ್ಟು ಉಳಿದುಬಿಡುತ್ತದೆ.

ಸಂಕರಣ ನಡೆಯುವ ಬಗೆ

ಜೋಳದ ಗಂಡು ಹೂ ತುದಿಯ ಸೂಲಂಗಿಯಲ್ಲಿ, ಹೆಣ್ಣು ಹೂ ತೆನೆಯಲ್ಲಿ ಇರುವುದು ರೈತರಿಗೆ ತಿಳಿದೇ ಇದೆ. ಪರಾಗ ಗಾಳಿಯಲ್ಲಿ ತೇಲಿಬಂದು ತೆನೆಯ ರೇಷ್ಮೆಯಂಥ ಎಳೆಗಳ ಮೇಲೆ ಬೀಳುತ್ತದೆ. ಒಂದೊಂದು ಎಳೆಗೂ ಒಂದೊಂದು ಕಾಳು. ಟಿಯೊಸಿಂಟೆಯ ಪರಾಗ ಜೋಳದ ಎಳೆಯ ಮೇಲೆ ಬಿದ್ದರೆ ಕಾಳು ಕಟ್ಟುತ್ತದೆ. ಆದರೆ ಜೋಳದ ಪರಾಗ ಟಿಯೊಸಿಂಟೆಯ ಎಳೆಯ ಮೇಲೆ ಬಿದ್ದಾಗ ಅನೇಕ ವೇಳೆ ಒಳಗೆ ಇಳಿಯಲಾರದು. ಬೇರೆ ಪರಾಗವನ್ನು ತಡೆಯುವ ವಂಶವಾಹಿ ಟಿಯೊಸಿಂಟೆಯ ಹಲವು ಗುಂಪುಗಳಲ್ಲಿದೆ. ಈ ಬಾಗಿಲು ಪೂರ್ತಿ ಮುಚ್ಚಿದ್ದಲ್ಲವಾದರೂ ಗುಣಗಳ ಹರಿವು ಹೆಚ್ಚಾಗಿ ಕಾಡಿನಿಂದ ಬೆಳೆಯ ಕಡೆಗೇ ಇದೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಡು ಪರಾಗದಿಂದಾದ ಕಾಳು ಜೋಳದ ದಿಂಡಿನ ಮೇಲೆಯೇ ಇರುವುದರಿಂದ ಉಳಿದ ಕಾಳುಗಳಿಂದ ಅದನ್ನು ಬೇರ್ಪಡಿಸುವುದು ಕಷ್ಟ. ತೆನೆ ದಪ್ಪವಾಗಿದ್ದರೆ ರೈತ ಅದನ್ನೇ ಬೀಜಕ್ಕೆ ಇಡುತ್ತಾನೆ. ಮರುವರ್ಷ ಆ ಕಾಳಿನಿಂದ ಸಂಕರ ಗಿಡ ಏಳುತ್ತದೆ. ಅದು ಹುಲುಸಾಗಿ ಬೆಳೆದರೂ ಅದರ ತೆನೆ ಸಣ್ಣದು, ಕಾಳು ಚಿಪ್ಪಿನಲ್ಲಿರುತ್ತದೆ. ಅದನ್ನು ಯಾರೂ ಬೀಜಕ್ಕೆ ಆರಿಸುವುದಿಲ್ಲ. ಆದರೆ ಅಷ್ಟರಲ್ಲಿ ಅದರ ಸೂಲಂಗಿಯ ಪರಾಗ ಅಕ್ಕಪಕ್ಕದ ಒಳ್ಳೆಯ ಜೋಳದ ತೆನೆಗಳ ಮೇಲೆ ಬಿದ್ದಾಗಿರುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಕಾಡಿನ ಪಾಲು ಅರ್ಧ, ಕಾಲು, ಅರೆಕಾಲು ಎಂದು ತೆಳುವಾಗುತ್ತ ಬೆಳೆಯೊಳಗೆ ಸೇರುತ್ತದೆ.

ಉಳಿದುದು ಯಾವುದು, ಹೋದದ್ದು ಯಾವುದು?

ಜೋಳವೂ ಮೆಕ್ಸಿಕಾನವೂ ಒಟ್ಟಿಗೆ ಬೆಳೆಯುವ ಒಂಬತ್ತು ಕಡೆಗಳ ಗಿಡಗಳನ್ನು ಮ್ಯಾಥ್ಯೂ ಹಫರ್ಡ್ ಮತ್ತು ಸಂಗಡಿಗರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೋಳದ ವರ್ಣತಂತುಗಳ ಕೆಲವು ಭಾಗಗಳಲ್ಲಿ ಕಾಡಿನ ಪಾಲು ಮತ್ತೆ ಮತ್ತೆ ಕಂಡುಬಂತು. ಎಲೆಬುಡದ ಕೆಂಪು ಬಣ್ಣಕ್ಕೂ ರೋಮಕ್ಕೂ ಸಂಬಂಧಿಸಿದ ಜಾಗಗಳು ಅವುಗಳಲ್ಲಿ ಸೇರಿದ್ದವು. ಆದರೆ ಪಳಗಿಸುವಿಕೆಗೆ ಸಂಬಂಧಿಸಿದ ಜಾಗಗಳಲ್ಲಿ ಕಾಡಿನ ಪಾಲು ತೀರ ವಿರಳವಾಗಿತ್ತು. ಕಾರಣ ಸರಳವಾಗಿದೆ. ಚಳಿ ತಡೆಯುವ ಗಿಡವನ್ನು ಹವೆ ಉಳಿಸಿತು. ಉದುರುವ ಕಾಳನ್ನೂ ಚಿಪ್ಪಿನ ಕಾಳನ್ನೂ ರೈತ ಕೈಬಿಟ್ಟ. ಕಾಡು ನೆಂಟನಿಂದ ಹೊದಿಕೆ ಬಂತು, ಗೊಡ್ಡು ತೆನೆ ಬರಲಿಲ್ಲ.

ಅದೇ ಅಧ್ಯಯನದಲ್ಲಿ ಕಾಡಿನ ಪಾಲು ಇದ್ದ ಜೋಳವನ್ನೂ ಇಲ್ಲದ ಜೋಳವನ್ನೂ ಬೆಟ್ಟದ ಉಷ್ಣಾಂಶವಿರುವ ಕೋಣೆಯಲ್ಲಿ ಬೆಳೆಸಿ ನೋಡಲಾಯಿತು. ಕಾಡಿನ ಪಾಲು ಇದ್ದವು ಹೆಚ್ಚು ಎತ್ತರವಾಗಿ ಬೆಳೆದವು. ತಗ್ಗಿನ ಉಷ್ಣಾಂಶದಲ್ಲಿ ಈ ಮೇಲುಗೈ ಕಾಣಲಿಲ್ಲ. ಬೆಟ್ಟದಲ್ಲಿ ವರವಾದದ್ದು ಬಯಲಿನಲ್ಲಿಯೂ ವರವಾಗಬೇಕೆಂದಿಲ್ಲ. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದನ್ನು ಬೇರೊಂದು ಬಗೆಯಲ್ಲಿ ತೋರಿಸಿತು: ಹೊಲ ಎತ್ತರಕ್ಕೆ ಹೋದಂತೆ ಜೋಳದಲ್ಲಿ ಮೆಕ್ಸಿಕಾನದ ಪಾಲೂ ಹೆಚ್ಚುತ್ತ ಹೋಗುತ್ತದೆ.

ಈ ಗುಣಗಳ ಒಂದು ದೊಡ್ಡ ಗಂಟು ನಾಲ್ಕನೆಯ ವರ್ಣತಂತುವಿನಲ್ಲಿದೆ. ಅಲ್ಲಿಯ ಒಂದು ತುಂಡು ಹಿಂದುಮುಂದಾಗಿ ತಿರುಗಿ ಕೂತಿದೆ. ಸಾಮಾನ್ಯವಾಗಿ ತಂದೆತಾಯಿಯ ವರ್ಣತಂತುಗಳು ಪ್ರತಿ ಪೀಳಿಗೆಯಲ್ಲಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ತಿರುಗಿದ ತುಂಡು ಎದುರಿನದಕ್ಕೆ ಸರಿಯಾಗಿ ಜೊತೆಗೂಡುವುದಿಲ್ಲವಾದ್ದರಿಂದ ಅದರೊಳಗಿನ ವಂಶವಾಹಿಗಳು ಚದುರುವುದಿಲ್ಲ. ಹುರಿಯಿಂದ ಬಿಗಿದ ಹುಲ್ಲಿನ ಹೊರೆಯಂತೆ ಒಟ್ಟಿಗೇ ಸಾಗುತ್ತವೆ. ಮೆಕ್ಸಿಕಾನದಿಂದ ಬಂದ ಈ ಹೊರೆ ಬೆಟ್ಟದ ಜೋಳದಲ್ಲಿ ವ್ಯಾಪಕವಾಗಿದೆ; ತಗ್ಗಿನ ಜೋಳದಲ್ಲಿ ವಿರಳ. ಇದಿರುವ ಗಿಡಗಳು ಬೇಗ ಹೂಬಿಡುವ ಪ್ರವೃತ್ತಿ ತೋರುತ್ತವೆ. ಬೆಚ್ಚನೆಯ ದಿನಗಳು ಕಡಿಮೆಯಿರುವ ಎತ್ತರದಲ್ಲಿ ಕೆಲವೇ ದಿನಗಳ ಈ ಅಂತರ ಕಾಳಿಗೂ ಜೊಳ್ಳಿಗೂ ಇರುವ ಅಂತರವಾಗುತ್ತದೆ.

ಬೆಟ್ಟವೇರಲು ಇದೊಂದೇ ದಾರಿಯೆಂದು ತಿಳಿಯಬಾರದು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಟಿಯೊಸಿಂಟೆ ಬೆಳೆಯುವುದಿಲ್ಲ. ಅಲ್ಲಿಯ ಜೋಳ ಎತ್ತರಕ್ಕೆ ಒಗ್ಗಿದ್ದು ಬಹುಮಟ್ಟಿಗೆ ಬೇರೆ ವಂಶವಾಹಿಗಳ ಬಲದಿಂದ, ನಿಧಾನದ ದಾರಿಯಲ್ಲಿ.

ನಮ್ಮ ಹೊಲದಲ್ಲಿಯೂ ಆ ಪಾಲು

ಇದೆಲ್ಲ ದೂರದ ಬೆಟ್ಟದ ಸಂಗತಿ, ನಮಗೇನು ಎಂದು ಕೇಳಬಹುದು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಬೆಟ್ಟದ ಮೆಕ್ಸಿಕಾನದೊಡನೆ ಸುಮಾರು 6000 ವರ್ಷಗಳ ಹಿಂದೆ ಆದ ಸಂಕರಣದ ಪಾಲು ಇಂದಿನ ಜೋಳಗಳಲ್ಲೆಲ್ಲ, ತಗ್ಗಿನವುಗಳಲ್ಲಿಯೂ, ಇದೆ. ಅದು ಸರಿಸುಮಾರು ಐದರಲ್ಲಿ ಒಂದು ಪಾಲು. ಬೆಟ್ಟದಲ್ಲಿ ಬೆರೆತ ಜೋಳವೇ ಮುಂದೆ ಎಲ್ಲ ಕಡೆ ಹರಡಿತು. ಭಾರತಕ್ಕೆ ಜೋಳ ಬಂದದ್ದು ಕೊಲಂಬಸನ ಯಾನದ ನಂತರ. 1957ರಲ್ಲಿ ಅಖಿಲ ಭಾರತ ಸಮನ್ವಯ ಯೋಜನೆ ಆರಂಭವಾಗಿ 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಮೊದಲಾದ ಸಂಕರ ತಳಿಗಳು ಬಿಡುಗಡೆಯಾದವು. ಇಂದು ದಾವಣಗೆರೆ, ಹಾವೇರಿಗಳ ಹೊಲದಲ್ಲಿ ನಿಂತ ಜೋಳದ ಗಿಡದಲ್ಲಿಯೂ ಮೆಕ್ಸಿಕೊದ ಬೆಟ್ಟದ ಕಳೆಯೊಂದರ ಅಂಶವಿದೆ.

ಕಾಡು ನೆಂಟನ ಋಣ ಜೋಳಕ್ಕೆ ಮಾತ್ರ ಸೀಮಿತವಲ್ಲ. ಕೊಯಮತ್ತೂರಿನಲ್ಲಿ ಕಾಡುಕಬ್ಬನ್ನು ಕೂಡಿಸಿ ಪಡೆದ ಕೋ 205 ಎಂಬ ತಳಿ 1918ರಲ್ಲಿ ಬಿಡುಗಡೆಯಾಗಿ ಉತ್ತರ ಭಾರತದ ಕಬ್ಬಿನ ಬೇಸಾಯದ ದಿಕ್ಕನ್ನೇ ಬದಲಿಸಿತು. ಭತ್ತದ ಗ್ರಾಸಿ ಸ್ಟಂಟ್ ಎಂಬ ನಂಜುರೋಗಕ್ಕೆ ಸಾವಿರಾರು ಮಾದರಿಗಳನ್ನು ಪರೀಕ್ಷಿಸಿದಾಗ ನಿರೋಧ ಶಕ್ತಿ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಒಂದು ಕಾಡುಭತ್ತದಲ್ಲಿ. ಆ ಗುಣವನ್ನು ಹೊತ್ತ ಐ.ಆರ್. 36 ತಳಿ 1976ರಲ್ಲಿ ಬಿಡುಗಡೆಯಾಯಿತು.

ಸಂಕರಣದ ಇನ್ನೊಂದು ಮುಖ

ಕೂಡುವಿಕೆಯಿಂದ ಲಾಭವಾಗುವುದು ಬೆಳೆಗೆ ಮಾತ್ರವಲ್ಲ, ಕಳೆಗೂ ಆಗಬಹುದು. ಯುರೋಪಿನಲ್ಲಿ ಟಿಯೊಸಿಂಟೆ ಜೋಳದ ಹೊಲದ ಪೀಡೆಯಾಗಿದೆ. ಸ್ಪೇನಿನಲ್ಲಿ ಅದರ ಹಾವಳಿ 2014ರಲ್ಲಿ ಗಮನಕ್ಕೆ ಬಂತು. ಫ್ರಾನ್ಸಿನ ಟಿಯೊಸಿಂಟೆಯನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದು ಕಳೆನಾಶಕವನ್ನು ತಡೆಯುವ ವಂಶವಾಹಿ ಬೆಳೆಸಿದ ಜೋಳದಿಂದಲೇ ಅದಕ್ಕೆ ದಾಟಿದೆ. ಅಲ್ಲಿಯ ದೀರ್ಘ ಹಗಲಿನಲ್ಲಿ ಹೂಬಿಡುವ ಗುಣವೂ ಜೋಳದಿಂದಲೇ ಬಂದಿದೆ. ಆದ್ದರಿಂದ ಬೆಳೆಯ ನೆಂಟರಾದ ಕಳೆಗಳನ್ನು ಹೊಲದಲ್ಲಿ ಹೂಬಿಡಲು ಬಿಡಬಾರದು. ಅವುಗಳನ್ನು ಉಳಿಸಬೇಕಾದ ಜಾಗ ಅವು ಹುಟ್ಟಿದ ಕಾಡು, ಕಣಿವೆ ಮತ್ತು ಬೀಜಭಂಡಾರಗಳು.

ಉಳಿಸದಿದ್ದರೆ ಏನಾಗುತ್ತದೆ?

1970ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಜೋಳದ ಬೆಳೆಗೆ ಎಲೆ ಅಂಗಮಾರಿ ರೋಗ ಬಡಿಯಿತು. ಬೀಜೋತ್ಪಾದನೆಯ ಅನುಕೂಲಕ್ಕಾಗಿ ಬಹುಪಾಲು ಸಂಕರ ತಳಿಗಳಲ್ಲಿ ಒಂದೇ ಬಗೆಯ ತಾಯಿಮೂಲವನ್ನು ಬಳಸಿದ್ದರು. ಆ ಮೂಲಕ್ಕೆ ರೋಗ ತಡೆಯುವ ಶಕ್ತಿಯಿರಲಿಲ್ಲ. ದೇಶದ ಬೆಳೆಯಲ್ಲಿ ನೂರಕ್ಕೆ ಸುಮಾರು 15ರಷ್ಟು ಒಂದೇ ವರ್ಷದಲ್ಲಿ ಹಾಳಾಯಿತು. ಎಲ್ಲರ ಹೊಲವೂ ಒಂದೇ ಬಗೆಯಾಗಿದ್ದರೆ ಒಂದೇ ರೋಗ ಎಲ್ಲರನ್ನೂ ಮುಳುಗಿಸುತ್ತದೆ.

ಇನ್ನೊಂದು ಕಡೆ, ಮೆಕ್ಸಿಕೊದ ಮನಂತ್ಲಾನ್ ಪರ್ವತದಲ್ಲಿ ರಾಫೆಲ್ ಗುಜ್ಮಾನ್ ಎಂಬ ವಿದ್ಯಾರ್ಥಿಗೆ ಹಲವು ವರ್ಷ ಬಾಳುವ ಟಿಯೊಸಿಂಟೆ ಸಿಕ್ಕಿತು. 1979ರಲ್ಲಿ ಅದನ್ನು ಹೊಸ ಜಾತಿಯೆಂದು ಪ್ರಕಟಿಸಲಾಯಿತು. ಅದರಲ್ಲಿ ಜೋಳದ ಹಲವು ನಂಜುರೋಗಗಳನ್ನು ತಡೆಯುವ ಶಕ್ತಿಯಿದೆ. ಅದು ಜೋಳದೊಡನೆ ಕೂಡಬಲ್ಲುದು. ಅದು ಬೆಳೆಯುತ್ತಿದ್ದದ್ದು ಒಂದು ಬೆಟ್ಟದ ಕೆಲವೇ ಜಾಗಗಳಲ್ಲಿ. 1987ರಲ್ಲಿ ಆ ಬೆಟ್ಟವನ್ನು ಸಂರಕ್ಷಿತ ಪ್ರದೇಶವಾಗಿ ಘೋಷಿಸಲಾಯಿತು. ಎಲ್ಲ ಟಿಯೊಸಿಂಟೆಗಳಿಗೂ ಈ ಭಾಗ್ಯವಿಲ್ಲ. ನಗರ ಬೆಳೆದಂತೆ, ಮೇವಿನ ಒತ್ತಡ ಹೆಚ್ಚಿದಂತೆ ಹಲವು ಕಡೆ ಅವು ಕಣ್ಮರೆಯಾಗುತ್ತಿವೆ. ಒಂದು ಇಳಿಜಾರಿನ ಹುಲ್ಲು ಹೋದರೆ ಆ ಎತ್ತರಕ್ಕೆ ಅದು ಸಾವಿರಾರು ವರ್ಷ ಗಳಿಸಿದ್ದ ಒಗ್ಗಿಕೆಯೂ ಹೋಯಿತು. ಅದನ್ನು ಯಾವ ಗೊಬ್ಬರದಿಂದಲೂ ಮರಳಿ ತರಲಾಗದು.

ರೈತರು ಗಮನಿಸಬೇಕಾದ ಅಂಶಗಳು

1. ತಳಿಯನ್ನು ಹೆಸರು ನೋಡಿ ಆರಿಸದೆ ತಮ್ಮ ವಲಯಕ್ಕೆ ಶಿಫಾರಸಾಗಿದೆಯೇ ಎಂಬುದನ್ನು ನೋಡಬೇಕು. ನಮ್ಮ ರಾಜ್ಯವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿರುವುದು ಇದಕ್ಕಾಗಿಯೇ. ಬೇರೆ ಎತ್ತರದ ಊರಿನಿಂದ ತಂದ ತಳಿಯನ್ನು ಮೊದಲ ವರ್ಷ ಕೆಲವೇ ಸಾಲು ಹಾಕಿ, ಹೂಬಿಡುವ ದಿನವನ್ನು ಬರೆದಿಟ್ಟುಕೊಂಡು, ಕಾಳು ಕಟ್ಟುವುದನ್ನು ನೋಡಿದ ಮೇಲೆ ಪೂರ್ತಿ ಹೊಲಕ್ಕೆ ಹಾಕುವುದು ಕ್ಷೇಮ.

2. ಸಂಕರ ಜೋಳದ ಫಸಲಿನಿಂದ ಬೀಜ ಇಟ್ಟುಕೊಳ್ಳಬಾರದು. ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ, ಇಳುವರಿ ಇಳಿಯುತ್ತದೆ. ಬೀಡಲ್ ಅವರ 50,000 ಗಿಡಗಳ ಉದಾಹರಣೆಯನ್ನು ಇಲ್ಲಿ ನೆನೆಯಬೇಕು.

3. ಸ್ಥಳೀಯ ಅಥವಾ ಸುಧಾರಿತ ಸಂಯುಕ್ತ ತಳಿಯ ಬೀಜ ಇಡುವವರು ಹೊಲದ ಅಂಚಿನ ಸಾಲುಗಳನ್ನು ಬಿಟ್ಟು ನಡುವಿನ ಗಿಡಗಳಿಂದ ಆರಿಸಬೇಕು. ತೆನೆಯನ್ನು ಮಾತ್ರ ನೋಡದೆ ಗಿಡ ನಿಂತಿರುವಾಗಲೇ ಅದರ ಆರೋಗ್ಯ, ಹೂಬಿಟ್ಟ ಕಾಲ, ಕಾಂಡದ ಗಟ್ಟಿತನವನ್ನು ಗುರುತಿಸಬೇಕು. ನಾಲ್ಕಾರು ದಪ್ಪ ತೆನೆಗಳಿಗೆ ತೃಪ್ತರಾಗದೆ ನೂರಕ್ಕೆ ಕಡಿಮೆಯಾಗದಷ್ಟು ಗಿಡಗಳಿಂದ ಬೀಜ ಕೂಡಿಸಿದರೆ ತಳಿಯ ಕಸುವು ಉಳಿಯುತ್ತದೆ.

4. ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಬೇರೆ ಜೋಳದ ಹೊಲದಿಂದ 200 ಮೀಟರ್ ಅಂತರವಿರಬೇಕು. ಮನೆಯ ಬೀಜಕ್ಕೆ ಇಷ್ಟು ಸಾಧ್ಯವಾಗದಿದ್ದರೆ ಬಿತ್ತನೆಯ ಕಾಲವನ್ನು ಹಿಂದುಮುಂದು ಮಾಡಿ ಎರಡೂ ಹೊಲ ಒಟ್ಟಿಗೆ ಹೂಬಿಡದಂತೆ ನೋಡಿಕೊಳ್ಳಬೇಕು.

5. ಮನೆತನದಲ್ಲಿ ಬಂದ ಹಳೆಯ ತಳಿ ಯಾರ ಬಳಿಯಾದರೂ ಇದ್ದರೆ ಬಿತ್ತುವುದನ್ನು ನಿಲ್ಲಿಸುವ ಮುನ್ನ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ವಿಶ್ವವಿದ್ಯಾನಿಲಯಕ್ಕೆ ಒಂದಿಷ್ಟು ಬೀಜ ತಲುಪಿಸಬೇಕು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯಡಿ ರೈತರ ತಳಿಯನ್ನು ರೈತರ ಹೆಸರಿನಲ್ಲಿಯೇ ನೋಂದಾಯಿಸಲು ಅವಕಾಶವಿದೆ.

ವಿಸ್ತರಣಾ ಕಾರ್ಯಕರ್ತರು ಹೊಸ ತಳಿಯ ಪ್ರಾತ್ಯಕ್ಷಿಕೆ ಏರ್ಪಡಿಸುವಾಗ ಆ ಊರಿನ ಹಳೆಯ ತಳಿ ಯಾವುದು, ಅದನ್ನು ಯಾವ ಗುಣಕ್ಕಾಗಿ ಜನ ಇಟ್ಟುಕೊಂಡಿದ್ದಾರೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಬೆಟ್ಟದ ಊರುಗಳಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಒಂದೆರಡು ಮೈಲಿಯಲ್ಲೇ ಎತ್ತರ ಬದಲಾಗುತ್ತದೆ, ಎತ್ತರ ಬದಲಾದಂತೆ ತಳಿಯೂ ಬದಲಾಗುತ್ತದೆ.

ಮೆಕ್ಸಿಕೊದ ಹೆಸರಿಲ್ಲದ ರೈತರು ವಂಶವಾಹಿಯ ಮಾತನ್ನು ಕೇಳಿದವರಲ್ಲ. ಪ್ರತಿ ಸುಗ್ಗಿಯಲ್ಲಿಯೂ ತಮ್ಮ ಹೊಲದ ಚಳಿಯನ್ನು ತಡೆದು ನಿಂತ ಗಿಡದ ಒಳ್ಳೆಯ ತೆನೆಯನ್ನು ಬೀಜಕ್ಕೆ ಎತ್ತಿಟ್ಟರು. ಆ ಆಯ್ಕೆಯಿಂದ ಜೋಳ ಬೆಟ್ಟವೇರಿತು, ಮುಂದೆ ಜಗತ್ತನ್ನೆಲ್ಲ ಮುಟ್ಟಿತು. ಬೀಜಕ್ಕೆ ತೆನೆ ಆರಿಸುವ ಪ್ರತಿಯೊಬ್ಬ ರೈತನೂ ಇಂದಿಗೂ ಅದೇ ಕೆಲಸವನ್ನು ಮುಂದುವರಿಸುತ್ತಿದ್ದಾನೆ. ಅದನ್ನು ತಿಳಿದು, ನೋಡಿ ಮಾಡಿದರೆ ಅವನ ಹೊಲಕ್ಕೂ ಒಳಿತು, ಮುಂದೆ ಬಿತ್ತುವವರಿಗೂ ಒಳಿತು.